ತಂಗಿ ತೊಳೆಯುತ್ತಿದ್ದ ಮೆಷಿನ್

ನನ್ನ ತಂಗಿ ನನಗಿಂತ ಒಂಬತ್ತು ವರ್ಷ ಚಿಕ್ಕವಳು. ಅಮ್ಮ ತೀರಿಕೊಂಡಾಗ ಅವಳಿಗೆ ಹನ್ನೊಂದು. ಅಪ್ಪನಿಗೆ ಕೊಬ್ಬರಿ ವ್ಯಾಪಾರ ಬಿಟ್ಟು ಬೇರೇನೂ ತಿಳಿಯುತ್ತಿರಲಿಲ್ಲ. ಅವಳ ತಲೆ ಬಾಚಿದ್ದು, ಗಂಡು ನೋಡಿದ್ದು, ಮದುವೆ ಮಾಡಿ ಹಗರೆಗೆ ಕಳಿಸಿದ್ದು, ಬಾಣಂತನ ಮಾಡಿದ್ದು ಎಲ್ಲ ನಾನೇ. ದೊಡ್ಡಸ್ತಿಕೆಗೆ ಹೇಳುತ್ತಿಲ್ಲ. ಅವಳು ನನ್ನ ಮಾತನ್ನು ಎಷ್ಟು ನಂಬುತ್ತಿದ್ದಳು ಎಂದು ಗೊತ್ತಿರಲಿ ಎಂದು ಹೇಳುತ್ತಿದ್ದೇನೆ.

ನಾನು ಅರಸೀಕೆರೆಯಲ್ಲಿ ಹೈಸ್ಕೂಲ್ ಟೀಚರು. ನಮ್ಮ ಮನೆಯ ಬೋರ್‌ವೆಲ್ ನೀರು ಗಡಸು. ಪಾತ್ರೆ ತೊಳೆದಿಟ್ಟರೆ ಒಣಗುವಷ್ಟರಲ್ಲಿ ಬಿಳಿ ಕಲೆ. ನಮ್ಮ ಮೊದಲ ವಾಷಿಂಗ್ ಮೆಷಿನ್ ಮೂರೇ ವರ್ಷಕ್ಕೆ ಕೆಟ್ಟು ಕೂತಿತು. ರಿಪೇರಿಗೆ ಬಂದವರು ಒಳಗಿನ ಹೀಟರನ್ನು ಬಿಚ್ಚಿ ತೋರಿಸಿದರು. ಸುಣ್ಣ ಮೆತ್ತಿದ ಕೋಲಿನ ಹಾಗಿತ್ತು. ಐವತ್ತು ದಾಟಿದ, ಕನ್ನಡಕವನ್ನು ಹಣೆಯ ಮೇಲೇರಿಸಿಕೊಂಡೇ ಕೆಲಸ ಮಾಡುವ ಆ ಮನುಷ್ಯ ಅವತ್ತು ನನಗೆ ಎಲ್ಲವನ್ನೂ ಹೇಳಿಕೊಟ್ಟರು. ತಿಂಗಳಿಗೊಮ್ಮೆ ನಿಂಬೆ ಉಪ್ಪು ಹಾಕಿ ಖಾಲಿ ಮೆಷಿನ್ನನ್ನು ಬಿಸಿನೀರಿನಲ್ಲಿ ಓಡಿಸುವುದು, ಕೆಳಗಿನ ಪುಟ್ಟ ಬಾಗಿಲು ತೆಗೆದು ಫಿಲ್ಟರ್ ತೊಳೆಯುವುದು, ನಲ್ಲಿಯ ಪೈಪಿನ ಬಾಯಿಯಲ್ಲಿರುವ ಜಾಲರಿಯ ಮರಳು ತೆಗೆಯುವುದು, ಒಗೆದಾದ ಮೇಲೆ ಬಾಗಿಲನ್ನು ತೆರೆದಿಟ್ಟು ಗಾಳಿಯಾಡಲು ಬಿಡುವುದು. ನಾನು ಅದನ್ನೆಲ್ಲ ತಪ್ಪದೆ ಮಾಡಿದೆ. ಎರಡನೆಯ ಮೆಷಿನ್ ಚೆನ್ನಾಗಿಯೇ ಬಾಳಿತು. ಸ್ಟಾಫ್‌ರೂಮಿನಲ್ಲಿ ಯಾರಾದರೂ ಮೆಷಿನ್ ವಾಸನೆ ಬರುತ್ತದೆ ಎಂದರೆ ಸಾಕು, ನನ್ನ ಪಾಠ ಶುರುವಾಗುತ್ತಿತ್ತು.

ತಂಗಿ ಬಾಣಂತನ ಮುಗಿಸಿ ಹೆಣ್ಣು ಮಗುವನ್ನು ಎತ್ತಿಕೊಂಡು ಹಗರೆಗೆ ಹೊರಟಾಗ ಅವಳಿಗೂ ಒಂದು ಮೆಷಿನ್ ಕೊಡಿಸಿದೆ. ಮುಂದೆ ಬಾಗಿಲಿರುವಂಥದ್ದು. ಅವರದು ಹಸು ಕಟ್ಟಿದ ಮನೆ. ಬೆಳಗ್ಗೆ ಸಂಜೆ ಡೈರಿಗೆ ಹಾಲು ಹಾಕಬೇಕು, ಸಗಣಿ ಬಾಚಬೇಕು, ಹುಲ್ಲು ತರಬೇಕು. ಅದರ ನಡುವೆ ಮಗುವಿನ ಬಟ್ಟೆ. ಅವಳ ಅತ್ತೆ ಒಳ್ಳೆಯ ಹೆಂಗಸು. ಮೆಷಿನ್ ಮುಂದೆ ಸ್ಟೂಲ್ ಹಾಕಿಕೊಂಡು ಕೂತು, ಗಾಜಿನೊಳಗೆ ಬಟ್ಟೆ ತಿರುಗುವುದನ್ನು ಟೀವಿಯ ಹಾಗೆ ನೋಡುತ್ತಿದ್ದರಂತೆ. ತಂಗಿ ಫೋನಿನಲ್ಲಿ ಅದನ್ನು ಹೇಳಿ ನಗುತ್ತಿದ್ದಳು.

ಮಗುವಿಗೆ ಎಂಟು ತಿಂಗಳಾದಾಗ ತೊಡೆಸಂದಿನಲ್ಲಿ, ಕತ್ತಿನ ಸುತ್ತ ಕೆಂಪು ಗುಳ್ಳೆಗಳೆದ್ದವು. ಒಂದು ಭಾನುವಾರ ನಾನು ಬಸ್ ಹತ್ತಿ, ಹಳೇಬೀಡಿನಲ್ಲಿ ಇನ್ನೊಂದು ಬಸ್ ಹಿಡಿದು ಹಗರೆಗೆ ಹೋದೆ. ಮಗುವನ್ನು ನೋಡಿದೆ. ಆಮೇಲೆ ಹಿತ್ತಲ ಕಡೆಯ ಜಗಲಿಯಲ್ಲಿದ್ದ ಮೆಷಿನ್ನಿನ ಹತ್ತಿರ ಹೋಗಿ ಅದರ ಬಾಗಿಲ ಸುತ್ತಲಿನ ದಪ್ಪ ರಬ್ಬರನ್ನು ಹಿಂದಕ್ಕೆ ಎಳೆದೆ. ಮಡಿಕೆಯೊಳಗೆ ಕಪ್ಪಗೆ ಲೋಳೆ ಕಟ್ಟಿತ್ತು. ಒಂದು ಕೂದಲ ಉಂಡೆ, ಮಗುವಿನ ಸಣ್ಣ ಕಾಲುಚೀಲ, ಕೊಳೆತ ನೀರು. ಯಾರ ಮನೆಯ ಮೆಷಿನ್ನಿನಲ್ಲೂ ಸಿಗುವಂಥದ್ದೇ.

"ಇದ್ರಲ್ಲೇನೇ ಪಾಪು ಬಟ್ಟೆ ಒಗೀತಿರೋದು?" ಎಂದೆ. "ನೋಡು ಇಲ್ಲಿ. ಅದಕ್ಕೇ ಮಗೂಗೆ ಮೈಯೆಲ್ಲಾ ಗುಳ್ಳೆ. ನೀನೇ ಕೈಯಾರೆ ಬರಿಸಿದ ಹಾಗಾಯ್ತಲ್ಲೇ."

ಅವಳ ಅತ್ತೆ ಅಲ್ಲೇ ನಿಂತಿದ್ದರು. ಗಂಡ ಕೊಟ್ಟಿಗೆಯ ಬಾಗಿಲಲ್ಲಿದ್ದ. ತಂಗಿ ನನ್ನ ಬೆರಳಿಗಂಟಿದ್ದ ಕಪ್ಪನ್ನು ನೋಡುತ್ತಾ ನಿಂತಳು. ತನ್ನ ತಪ್ಪು ಅವಳಿಗೆ ಅರಿವಾಯಿತು ಎಂದುಕೊಂಡೆ, ಸಮಾಧಾನವೇ ಆಯಿತು. ಇಬ್ಬರೂ ಕೂತು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ರಬ್ಬರನ್ನು ಉಜ್ಜಿದೆವು. ಫಿಲ್ಟರ್ ತಿರುಗಿಸಿ ತೆಗೆಯುವುದನ್ನು ತೋರಿಸಿದೆ. ಅವಳು ಮಗುವಿನ ಲಸಿಕೆಯ ಕಾರ್ಡಿನ ಹಿಂದೆ ಎಲ್ಲವನ್ನೂ ಬರೆದುಕೊಂಡಳು.

ಡಾಕ್ಟರು ಗುಳ್ಳೆ ಸೆಕೆಗೆ ಎದ್ದದ್ದು ಎಂದು ಹೇಳಿ ಮುಲಾಮು ಕೊಟ್ಟರು. ವಾರದಲ್ಲಿ ವಾಸಿಯಾಯಿತು. ನಾನು ಮಾತ್ರ ಮೆಷಿನ್ ತೊಳೆದದ್ದರಿಂದಲೇ ವಾಸಿಯಾಯಿತು ಎಂದು ಅವಳಿಗೆ ಹೇಳಿದೆ.

ಆಮೇಲೆ ಫೋನುಗಳು ಶುರುವಾದವು. "ಅಕ್ಕ, ಫಿಲ್ಟ್ರು ತಿಂಗ್ಳಿಗೊಂದ್ಸಲ ಸಾಕಾ? ವಾರಕ್ಕೊಂದ್ಸಲ ಮಾಡಿದ್ರೆ ಏನಾದ್ರೂ ತೊಂದ್ರೆನಾ?" ತೊಂದರೆ ಇಲ್ಲ ಎಂದೆ. "ರಬ್ಬರು ಒರ್ಸಿದ ಬಟ್ಟೇನ ಅದೇ ಮಿಷನ್ನಿಗೆ ಹಾಕ್ಬಹುದಾ?" ಬೇರೆ ತೊಳಿ ಎಂದೆ. "ಆ ಬಟ್ಟೆ ತೊಳ್ದ ಬಕೆಟ್ಟು?" ಅದಕ್ಕೂ ಏನೋ ಹೇಳಿದೆ. ನನ್ನ ತಂಗಿ ನನ್ನನ್ನೂ ಮೀರಿಸಿದಳು ಎಂದು ಸ್ಟಾಫ್‌ರೂಮಿನಲ್ಲಿ ಹೆಮ್ಮೆಯಿಂದ ಹೇಳಿಕೊಂಡೆ. ದಿನಕ್ಕೆ ನಾಲ್ಕೈದು ಸಲ ಫೋನು ಬರತೊಡಗಿದಾಗ ಕೆಲವನ್ನು ಎತ್ತುವುದೇ ಬಿಟ್ಟೆ.

ಮಗುವಿಗೆ ವರ್ಷ ತುಂಬಿ ಸ್ವಲ್ಪ ದಿನಕ್ಕೆ ಅವಳ ಮೆಷಿನ್ನಿನಿಂದ ನೀರು ಸೋರಲು ಶುರುವಾಯಿತು. ನಮ್ಮ ರಿಪೇರಿಯವರು ವಾರಕ್ಕೊಮ್ಮೆ ಹಳೇಬೀಡು, ಬೇಲೂರು ಕಡೆ ಹೋಗುತ್ತಿದ್ದರು. ಅವರನ್ನೇ ಹಗರೆಗೆ ಕಳಿಸಿದೆ. ಮಾರನೆಯ ದಿನ ಶಾಲೆ ಬಿಡುವ ಹೊತ್ತಿಗೆ ಅವರು ಗೇಟಿನ ಹತ್ತಿರ ಕಾಯುತ್ತಿದ್ದರು.

"ಮೇಡಂ, ರಬ್ಬರ್ ಬದಲಾಯಿಸ್ದೆ. ಉಜ್ಜಿ ಉಜ್ಜಿ ಮೂರ್ ಕಡೆ ಹರಿದೈತೆ. ಫಿಲ್ಟ್ರು ಮುಚ್ಚಳದ ತಿರುಪಿನ ಗೆರೆ ಪೂರ್ತಿ ಸವೆದೋಗೈತೆ. ಇಪ್ಪತ್ತು ವರ್ಷದಿಂದ ಈ ಕೆಲ್ಸ ಮಾಡ್ತಿದೀನಿ, ಅದು ಸವೆದಿದ್ದು ನಾನು ನೋಡೇ ಇಲ್ಲ. ಒಳಗೆಲ್ಲಾ ಬ್ಲೀಚಿಂಗ್ ಪೌಡರ್ ವಾಸನೆ."

"ಸ್ವಲ್ಪ ಕ್ಲೀನ್ ಜಾಸ್ತಿ ಅವಳಿಗೆ," ಎಂದೆ.

ಅವರು ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡರು. "ತಪ್ಪು ತಿಳ್ಕೋಬೇಡಿ. ನಾನು ಕೆಲ್ಸ ಮುಗ್ಸಿ ಬರೋ ಹೊತ್ತಿಗೆ ಅವ್ರು ಹೊಸ ರಬ್ಬರನ್ನೂ ಉಜ್ಜಕ್ಕೆ ಕೂತಿದ್ರು. ಅವರ ಕೈ ನೋಡಿದೀರಾ ನೀವು? ಮಿಷನ್ನಿಗೆ ಏನೂ ಆಗಿಲ್ಲ ಮೇಡಂ. ಅವರನ್ನ ಒಂದ್ಸಲ ಯಾರಿಗಾದ್ರೂ ತೋರ್ಸಿ."

ನನಗೆ ಸಿಟ್ಟು ಬಂತು. ಹೊರಗಿನವರೊಬ್ಬರು ನನ್ನ ತಂಗಿಗೆ ತಲೆ ಕೆಟ್ಟಿದೆ ಎಂದು ಶಾಲೆಯ ಗೇಟಿನಲ್ಲಿ ನಿಂತು ಹೇಳುವುದೇ? "ನೀವು ಮಿಷನ್ ನೋಡಿ ಸಾಕು," ಎಂದುಬಿಟ್ಟೆ. ಅವರು ತಲೆಯಾಡಿಸಿ ಬೈಕ್ ಹತ್ತಿದರು. ಆಗ ಪರೀಕ್ಷೆಯ ಸಮಯ. ಪೇಪರ್ ತಿದ್ದುವುದಿದೆ ಎಂದು ನೆಪ ಹೇಳಿಕೊಂಡು ಎರಡು ತಿಂಗಳು ಹಗರೆಯ ಕಡೆ ಹೋಗಲಿಲ್ಲ. ಆ ಎರಡು ತಿಂಗಳನ್ನು ನಾನು ಮರೆತಿಲ್ಲ.

ಕೊನೆಗೆ ಅವಳ ಅತ್ತೆಯೇ ಫೋನ್ ಮಾಡಿ ಕರೆಸಿಕೊಂಡರು. ಹೋದಾಗ ಮುಂದಿನ ಜಗಲಿಯಲ್ಲಿ ಕೂರಿಸಿ ನೀರು ಕೊಟ್ಟು ತಗ್ಗಿದ ದನಿಯಲ್ಲಿ ಹೇಳಿದರು.

"ನೋಡವ್ವ, ನಾನೇನೂ ಅವಳನ್ನ ಬೈಯಾಕಿಲ್ಲ. ಬೆಳಗ್ಗೆ ಎದ್ದೋಳು ಆ ಮಿಷನ್ನಿನ ಮುಂದೆ ಕುಂತ್ರೆ ಬಿಸ್ಲೇರಾಗಂಟ ಏಳಾಕಿಲ್ಲ. ತೊಳೀತಾಳೆ, ಒರಸ್ತಾಳೆ, ಇನ್ನೂ ಐತೆ ಅಂತಾಳೆ. ಒಗೆದ ಬಟ್ಟೆನೇ ಒಗೀತಾಳೆ. ಕೂಸು ಅಳ್ತಾ ಹತ್ರ ಬಂದ್ರೆ ಮುಟ್ಬ್ಯಾಡ, ಮುಟ್ಬ್ಯಾಡ ಅಂತ ಹಿಂದಕ್ಕೆ ಸರೀತಾಳೆ. ಹೆತ್ತೋಳು ಹಂಗಂದ್ರೆ ಕೂಸು ಎಲ್ಲಿಗೆ ಹೋಗ್ಬೇಕು?"

ನಾನು ಮನೆ ದಾಟಿ ಹಿತ್ತಲ ಜಗಲಿಗೆ ಹೋದೆ. ತಂಗಿ ಮೆಷಿನ್ ಮುಂದೆ ಮಂಡಿಯೂರಿ ಕೂತಿದ್ದಳು. ಕೈಯ ಚರ್ಮ ಬೆರಳ ಗೆಣ್ಣುಗಳಲ್ಲಿ ಸೀಳಿ ರಕ್ತ ಕಾಣುತ್ತಿತ್ತು. ಮಗು ಎರಡು ಮಾರು ದೂರದಲ್ಲಿ ಹೊಸ್ತಿಲು ಹಿಡಿದು ನಿಂತಿತ್ತು. ಆಗಷ್ಟೇ ನಡೆಯಲು ಕಲಿತಿದ್ದ ಅದು ಒಂದು ಹೆಜ್ಜೆ ಮುಂದಿಟ್ಟು ತಾಯಿಯ ಮುಖ ನೋಡಿತು, ಮತ್ತೆ ಹಿಂದಕ್ಕೆ ಹೋಯಿತು. ಹತ್ತಿರ ಹೋಗಬಾರದು ಎಂದು ಅದಕ್ಕೆ ಆಗಲೇ ಅಭ್ಯಾಸವಾಗಿತ್ತು.

"ಎತ್ಕೊಳ್ಳೇ," ಎಂದೆ.

"ಆಗಲ್ಲ ಅಕ್ಕ. ಕೈ ಇನ್ನೂ ಕ್ಲೀನ್ ಆಗಿಲ್ಲ."

"ಆಗಿದೆ ಕಣೇ. ರಕ್ತ ಬರೋ ಹಾಗೆ ತೊಳ್ದಿದೀಯ."

"ನನಗೆ ಗೊತ್ತು ಆಗಿಲ್ಲ ಅಂತ. ನಾನು ಮುಟ್ಟಿದ್ರೆ ಅವಳಿಗೇನಾದ್ರೂ ಆಗುತ್ತೆ." ಅಷ್ಟು ಹೇಳಿ ಅತ್ತಳು. ಕಣ್ಣು ಒರೆಸಿಕೊಳ್ಳಲೂ ಕೈ ಮೇಲೆತ್ತಲಿಲ್ಲ. ನಾನೇ ನನ್ನ ಸೆರಗಿನಲ್ಲಿ ಒರೆಸಿದೆ. ಸೆರಗು ಬಸ್ಸಿನ ಧೂಳಿನದ್ದಲ್ಲವೇ, ಅವಳು ಬೆಚ್ಚಿ ಮುಖ ತಿರುಗಿಸಿಕೊಂಡಳು.

ಎಂಟು ದಿನ ಇದ್ದು ಹೋಗಲಿ ಎಂದು ಅವಳನ್ನು ಅರಸೀಕೆರೆಗೆ ಕರೆತಂದೆ. ಮಗು ಅಜ್ಜಿಯ ಹತ್ತಿರ ಉಳಿಯಿತು. ಜಾಗ ಬದಲಾದರೆ, ನಾಲ್ಕು ದಿನ ಮಲಗಿ ಉಂಡರೆ ಸರಿಹೋಗುತ್ತಾಳೆ ಎಂದು ನಾನೂ ನನ್ನ ಯಜಮಾನರೂ ಅಂದುಕೊಂಡಿದ್ದೆವು. ಮೂರನೆಯ ದಿನಕ್ಕೆ ಅವಳು ನಮ್ಮ ಮೆಷಿನ್ನಿನ ಫಿಲ್ಟರ್ ತೆಗೆದು ಕೂತಳು. ಎಂಟು ದಿನ ಎರಡು ತಿಂಗಳಾಯಿತು. ನಾನು ಶಾಲೆಯಿಂದ ಬರುವಷ್ಟರಲ್ಲಿ ಓವರ್‌ಹೆಡ್ ಟ್ಯಾಂಕ್ ಖಾಲಿಯಾಗಿರುತ್ತಿತ್ತು. ಮೆಷಿನ್ನಿನ ಪ್ಲಗ್ ಕಿತ್ತಿಟ್ಟೆ. ಅವಳು ಕೈಯಲ್ಲೇ ಶುರುಮಾಡಿದಳು. ಬಚ್ಚಲಿಗೆ ಬೀಗ ಹಾಕಿದೆ. ಅವಳು ಬೀಗದ ಮುಂದೆ ಕೂತು ಬೇಡಿಕೊಂಡಳು.

"ಒಂದೇ ಒಂದ್ಸಲ ಅಕ್ಕ. ಇದೊಂದ್ಸಲ ಸರಿಯಾಗಿ ತೊಳ್ದುಬಿಟ್ರೆ ಆಮೇಲೆ ಬೇಡ."

ನಲವತ್ತು ಮಕ್ಕಳ ತರಗತಿಯನ್ನು ಗದರದೆ ಕೂರಿಸುತ್ತೇನೆಂದು ಹೆಸರು ಮಾಡಿದವಳು ನಾನು. ಅವತ್ತು ಬೆಳಗ್ಗೆ ನನಗೆ ತಾಳ್ಮೆ ತಪ್ಪಿತು. ಶಾಲೆಗೆ ಹೊತ್ತಾಗುತ್ತಿತ್ತು. "ಆ ಮಗು ನಿನ್ನ ಹತ್ರ ಇಲ್ದೇ ಇರೋದೇ ವಾಸಿ ಕಣೇ," ಎಂದೆ. ಬೀಗದ ಕೈಯನ್ನು ಬ್ಯಾಗಿಗೆ ಹಾಕಿಕೊಂಡು ಹೊರಟುಹೋದೆ.

ಮಧ್ಯಾಹ್ನ ಅವಳ ಗಂಡನ ಫೋನು ಬಂತು.

"ಅಕ್ಕ, ಇವಳು ಇಲ್ಲಿಗೆ ಬಂದವ್ಳೆ. ಆದ್ರೆ ಮನೆಗೆ ಬತ್ತಾ ಇಲ್ಲ. ರೋಡಿನ ಆ ಕಡೆ ನಿಂತವ್ಳೆ. ಹನ್ನೊಂದು ಗಂಟೆಯಿಂದ ನಿಂತೇ ಅವ್ಳೆ. ಕರೆದ್ರೆ ಬ್ಯಾಡ ಅಂತಾಳೆ. ನೀವೇ ಬನ್ನಿ."

ಅರ್ಧ ದಿನ ರಜೆ ಬರೆದುಕೊಟ್ಟು ಹೊರಟೆ. ನಾನು ಹಗರೆಯಲ್ಲಿ ಇಳಿದಾಗ ಮೂರು ಗಂಟೆಯ ಬಿಸಿಲು. ಅವರ ಮನೆ ದೊಡ್ಡ ರಸ್ತೆಗೇ ಇದೆ. ಎದುರಿನ ಹುಣಸೆಮರದ ಹತ್ತಿರ ತಂಗಿ ನಿಂತಿದ್ದಳು. ಕೈಗಳನ್ನು ಮೈಗೆ ತಾಗದ ಹಾಗೆ ದೂರ ಹಿಡಿದುಕೊಂಡಿದ್ದಳು. ಬೇಲೂರಿನ ಬಸ್ಸು, ಹಾಸನದ ಬಸ್ಸು, ಲಾರಿಗಳು ನಡುವೆ ಹಾದುಹೋಗುತ್ತಿದ್ದವು. ಆ ಕಡೆ ಮನೆಯ ಅಂಗಳದಲ್ಲಿ ಮಗು ಒಂದು ಪ್ಲಾಸ್ಟಿಕ್ ಚೊಂಬಿನಲ್ಲಿ ಮಣ್ಣು ತುಂಬಿ ಸುರಿದು ಆಡುತ್ತಿತ್ತು. ವಾಹನ ಹೋದಾಗಲೆಲ್ಲ ತಂಗಿ ಅದು ದಾಟುವವರೆಗೆ ಕತ್ತು ಬಾಗಿಸಿ ಕಾದು ಮತ್ತೆ ಮಗುವನ್ನು ನೋಡುತ್ತಿದ್ದಳು.

"ಒಳಗೆ ಹೋಗೇ," ಎಂದೆ.

"ಬಸ್ಸಿನ ಸೀಟಲ್ಲಿ ಕೂತಿದ್ದೆ ಅಕ್ಕ. ಸೀರೆಯೆಲ್ಲಾ ಅದೇ ಆಗಿದೆ. ಹಿಂಗೇ ಹೆಂಗೆ ಹೋಗ್ಲಿ?"

"ಮತ್ಯಾಕೆ ಬಂದೆ?"

"ನೋಡ್ಬೇಕು ಅನ್ನಿಸ್ತು."

ಅವಳ ತುಟಿ ಒಣಗಿ ಬಿರಿದಿತ್ತು. ಬೆಳಗ್ಗೆಯಿಂದ ನೀರು ಕುಡಿದಿರಲಿಲ್ಲ. ಅವಳ ಗಂಡ ತಂದುಕೊಟ್ಟ ಲೋಟವನ್ನೂ ಮುಟ್ಟಿರಲಿಲ್ಲ. ರಿಪೇರಿಯವರು ಶಾಲೆಯ ಗೇಟಿನಲ್ಲಿ ಹೇಳಿದ್ದು ನನಗೆ ಅಲ್ಲಿ ಅರ್ಥವಾಯಿತು. ಅವಳು ಹಟಮಾರಿಯಲ್ಲ, ಸೋಮಾರಿಯಲ್ಲ, ಮಡಿ ಹೆಂಗಸೂ ಅಲ್ಲ. ಅವಳಿಗೆ ಕಾಯಿಲೆಯಾಗಿದೆ. ರಸ್ತೆ ದಾಟಲಾಗದಷ್ಟು ಕಾಯಿಲೆಯಾಗಿದೆ.

ಆ ವಾರವೇ ಹಾಸನದ ಒಬ್ಬ ಮನೋವೈದ್ಯರ ಹತ್ತಿರ ಕರೆದುಕೊಂಡು ಹೋದೆವು. ಅವರು ನಿಧಾನವಾಗಿ ಮಾತಾಡುವ ಹೆಂಗಸು. ಇದನ್ನು ಗೀಳು ಕಾಯಿಲೆ ಎನ್ನುತ್ತಾರೆ, ಬಹಳ ಜನರಿಗೆ ಬರುತ್ತದೆ, ಮಾತ್ರೆಯಿದೆ, ಅಭ್ಯಾಸದಿಂದ ತಗ್ಗಿಸುವ ಚಿಕಿತ್ಸೆಯೂ ಇದೆ ಎಂದರು. ತಂಗಿ ಹೊರಗೆ ಹೋದ ಮೇಲೆ ನಾನು ರಬ್ಬರಿನ ಕಥೆಯನ್ನೆಲ್ಲ ಹೇಳಿ, "ನನ್ನ ಮಾತಿಂದ ಬಂತಾ ಡಾಕ್ಟ್ರೇ?" ಎಂದು ಕೇಳಿದೆ.

"ಒಂದು ಮಾತಿಂದ ಈ ಕಾಯಿಲೆ ಬರಲ್ಲ ಕಣ್ರೀ. ಬರೋದಿತ್ತು, ಬಂತು. ಹೆರಿಗೆ ಆದ ಮೇಲೆ ಹೀಗೆ ಶುರುವಾಗೋದು ನಾವು ನೋಡ್ತಾನೇ ಇರ್ತೀವಿ. ನೀವು ಮಷಿನ್ ತೋರಿಸದೇ ಇದ್ದಿದ್ರೆ ಇನ್ಯಾವುದನ್ನೋ ಹಿಡ್ಕೊಳ್ತಿತ್ತು." ಅವರು ಪ್ರಾಮಾಣಿಕವಾಗಿಯೇ ಹೇಳಿದರು. ನಾನು ತಲೆಯಾಡಿಸಿದೆ. ನಂಬಿದೆ ಎಂದು ಹೇಳಲಾರೆ.

ಚಿಕಿತ್ಸೆ ನಮ್ಮ ಮನೆಯಲ್ಲೇ ನಡೆಯಿತು. ಹಾಸನಕ್ಕೆ ಹದಿನೈದು ದಿನಕ್ಕೊಮ್ಮೆ ಹೋಗಿಬರುತ್ತಿದ್ದೆವು. ಮಾತ್ರೆ ಹಿಡಿಯಲು ವಾರಗಳೇ ಬೇಕಾದವು. ಆಮೇಲೆ ಡಾಕ್ಟರು ಒಂದು ಅಭ್ಯಾಸ ಕೊಟ್ಟರು. ಅವಳು ಮೆಷಿನ್ನಿನ ಬಾಗಿಲನ್ನು ಬೆರಳ ತುದಿಯಿಂದ ಮುಟ್ಟಬೇಕು, ಮುಟ್ಟಿ ಕೈ ತೊಳೆಯದೆ ಕೂರಬೇಕು. ಮೊದಲು ಐದು ನಿಮಿಷ. ನಾನು ಪಕ್ಕದಲ್ಲಿ ಕೂರುತ್ತಿದ್ದೆ. ಏನೂ ಆಗುವುದಿಲ್ಲ ಎಂದು ಧೈರ್ಯ ಹೇಳಬಾರದೆಂದು ಡಾಕ್ಟರು ಕಟ್ಟುನಿಟ್ಟು ಮಾಡಿದ್ದರು. ಸುಮ್ಮನೆ ಜೊತೆಯಲ್ಲಿರಬೇಕು ಅಷ್ಟೆ. ಅವಳ ಮೈ ನಡುಗುವುದನ್ನು, ಹಣೆಯಲ್ಲಿ ಬೆವರು ಮೂಡುವುದನ್ನು ನೋಡುತ್ತಾ ಬಾಯಿ ಮುಚ್ಚಿಕೊಂಡು ಕೂರುವುದು ನನ್ನಂಥವಳಿಗೆ ಸುಲಭವಿರಲಿಲ್ಲ. ಐದು ನಿಮಿಷ ಹತ್ತಾಯಿತು, ಅರ್ಧ ಗಂಟೆಯಾಯಿತು. ಒಂದು ದಿನ ಅವಳು ರಬ್ಬರಿನ ಮಡಿಕೆಯೊಳಗೆ ಬೆರಳಿಟ್ಟು ತೆಗೆದು, ಅದೇ ಕೈಯಲ್ಲಿ ಹುರುಳಿಕಾಯಿ ಮುರಿದಳು. ಆ ಪಲ್ಯವನ್ನು ಮೂವರೂ ತಿಂದೆವು. ನಾನು ಅಡುಗೆಮನೆಗೆ ಹೋಗಿ ಅವಳಿಗೆ ಕಾಣದ ಹಾಗೆ ಕಣ್ಣೀರು ಹಾಕಿದೆ.

ಎಂಟು ತಿಂಗಳ ಮೇಲೆ ಅವಳು ಹಗರೆಗೆ ಮರಳಿದಳು. ಎಲ್ಲ ಸರಿಯಾಯಿತು ಅಂದುಕೊಂಡೆವು. ಆದರೆ ಮಗುವಿಗೆ ಆಗ ಎರಡು ದಾಟಿ ಕೆಲವು ತಿಂಗಳು. ಅದಕ್ಕೆ ಅಜ್ಜಿಯೇ ಅಮ್ಮ. ತಂಗಿ ಕೈ ಚಾಚಿದರೆ ಅಜ್ಜಿಯ ಸೆರಗಿನ ಹಿಂದೆ ಹೋಗುತ್ತಿತ್ತು. ಅವಳು ಈಗ ಎತ್ತಿಕೊಳ್ಳಬಲ್ಲವಳಾಗಿದ್ದಳು, ಮಗು ಬರಲೊಲ್ಲದು. ಮನೆಯವರು ಕೆಟ್ಟವರಲ್ಲ. ಆದರೂ ಅವಳು ನಲ್ಲಿಯ ಹತ್ತಿರ ಹೋದಾಗಲೆಲ್ಲ ಅತ್ತೆಯ ಕಣ್ಣು ಹಿಂದೆಯೇ ಹೋಗುತ್ತಿತ್ತು. ಗಂಡ ಮೆಷಿನ್ನನ್ನು ಕೊಟ್ಟಿಗೆಯ ಮೂಲೆಗೆ ಸಾಗಿಸಿ ಗೋಣಿತಾಟು ಮುಚ್ಚಿದ್ದ. ಎಲ್ಲರೂ ತನ್ನ ಕೈಯನ್ನೇ ನೋಡುವ ಮನೆಯಲ್ಲಿ ಅವಳು ನಾಲ್ಕು ತಿಂಗಳು ಇದ್ದಳು. ಮತ್ತೆ ತೊಳೆಯುವುದು ಹೆಚ್ಚಾಯಿತು. ಮೊದಲಿನಷ್ಟಲ್ಲ, ಆದರೆ ಆಯಿತು.

ಅವಳ ಗಂಡ ಒಂದು ದಿನ ನಮ್ಮ ಮನೆಗೆ ಬಂದು ತಲೆ ತಗ್ಗಿಸಿ ಕೂತ. "ಅಕ್ಕ, ನಾನು ಕೆಟ್ಟೋನಲ್ಲ. ಹಸ ನೋಡ್ಬೇಕು, ಕೂಸು ನೋಡ್ಬೇಕು, ಇವಳನ್ನೂ ಕಾಯ್ಬೇಕು ಅಂದ್ರೆ ನನ್ ಕೈಲಾಗಾಕಿಲ್ಲ," ಎಂದ. ನನ್ನ ಕೈಲೂ ಆಗದೆ ಬೀಗ ಹಾಕಿದವಳು ನಾನು.

ಬಿಟ್ಟುಬರುವ ನಿರ್ಧಾರವನ್ನು ಕೊನೆಗೆ ತಂಗಿಯೇ ಮಾಡಿದಳು. ಮಗುವನ್ನು ಎಳೆದಾಡುವುದು ಬೇಡ, ಅಲ್ಲೇ ಇರಲಿ ಎಂದಳು. ಬೇಲೂರಿನಲ್ಲಿ ಹೊಲಿಗೆ ಕೆಲಸ ಹುಡುಕಿಕೊಂಡು ಒಂದು ರೂಮು ಹಿಡಿದಳು. ನಮ್ಮ ಮನೆಗೆ ಬಾ ಎಂದು ಎಷ್ಟು ಕರೆದರೂ ಬರಲಿಲ್ಲ. ರೂಮಿಗೆ ಸಾಮಾನು ಜೋಡಿಸಿಕೊಟ್ಟ ದಿನ, ವರ್ಷಗಳಿಂದ ನನ್ನೊಳಗೆ ಕೊರೆಯುತ್ತಿದ್ದುದನ್ನು ಹೇಳಿದೆ.

"ಅವತ್ತು ಎಲ್ಲರ ಮುಂದೆ ಆ ರಬ್ಬರ್ ಎಳ್ದು ತೋರ್ಸಿ ಹಂಗಂದೆನಲ್ಲ. ಅದು ನನ್ನ ತಪ್ಪು ಕಣೇ."

ಅವಳು ಆಶ್ಚರ್ಯದಿಂದ ನನ್ನನ್ನು ನೋಡಿದಳು. "ಅದಾ? ಅದು ನೀನು ನಂಗೆ ಒಳ್ಳೇದಕ್ಕೆ ಹೇಳಿದ್ದು ಅಕ್ಕ. ಅದು ನಂಗೆ ಯಾವತ್ತೂ ಬೇಜಾರಾಗಿಲ್ಲ." ಸ್ವಲ್ಪ ಹೊತ್ತು ಸ್ಟೌವಿನ ಪೈಪ್ ಸರಿಮಾಡುತ್ತಾ ಇದ್ದು, ನನ್ನ ಮುಖ ನೋಡದೆ ಹೇಳಿದಳು. "ಮಗು ನನ್ನ ಹತ್ರ ಇಲ್ದೇ ಇರೋದೇ ವಾಸಿ ಅಂದ್ಯಲ್ಲ. ಅದನ್ನ ಅನ್ನಬಾರದಿತ್ತು. ನಾನೂ ಅದನ್ನೇ ಅಂದ್ಕೊಳ್ತಿದ್ದೆ. ನೀನಾದ್ರೂ ಅಲ್ಲ ಅಂತೀಯ ಅಂದ್ಕೊಂಡಿದ್ದೆ."

ಕ್ಷಮಿಸು ಎಂದೆ. ಅವಳು "ಇರಲಿ ಬಿಡು" ಎಂದು ಅಕ್ಕಿ ತೊಳೆಯಲು ಹೋದಳು. ಎರಡು ಸಲ ತೊಳೆದು ನೀರು ಬಸಿದಳು.

ಇದೆಲ್ಲ ಆಗಿ ಮೂರು ವರ್ಷ ಕಳೆದಿದೆ. ಅವಳು ಮಾತ್ರೆ ಬಿಟ್ಟಿಲ್ಲ. ಹೊಲಿಗೆಯಲ್ಲಿ ಒಳ್ಳೆಯ ಹೆಸರು ಮಾಡಿದ್ದಾಳೆ. ಬಟ್ಟೆಯನ್ನು ಬಕೆಟ್ಟಿನಲ್ಲಿ ಒಗೆದು ತಾರಸಿಯಲ್ಲಿ ಹರವುತ್ತಾಳೆ. ಭಾನುವಾರ ಹಗರೆಗೆ ಹೋಗಿಬರುತ್ತಾಳೆ. ಮಗು ಈಗ ಒಂದನೆಯ ಕ್ಲಾಸು. ಅವಳನ್ನು ಬೇಲೂರಮ್ಮ ಎಂದು ಕರೆಯುತ್ತದೆ, ಅಜ್ಜಿಯನ್ನು ಅಮ್ಮ ಎಂದು.

ಕಳೆದ ತಿಂಗಳು ಅವಳ ಗಂಡ ಮೊದಲ ಸಲ ಮಗುವನ್ನು ಒಂದು ದಿನದ ಮಟ್ಟಿಗೆ ಬೇಲೂರಿಗೆ ಕಳಿಸಿದ. ತಂಗಿ ಫೋನ್ ಮಾಡಿ ನನ್ನನ್ನೂ ಕರೆದಳು. ಒಬ್ಬಳೇ ಇರಲು ಹೆದರಿಕೆ ಎಂದಳು. ಮಗುವಿಗೆಂದು ಅವಳೇ ಹೊಲಿದ ಹಸಿರು ಲಂಗ ಸಿದ್ಧವಿತ್ತು. ಮಗು ಅದನ್ನು ಹಾಕಿಕೊಂಡು ರೂಮಿನಲ್ಲಿ ನಾಲ್ಕು ಸುತ್ತು ತಿರುಗಿತು. ಊಟಕ್ಕೆ ಕೂತಾಗ ಸಾರು ಚೆಲ್ಲಿಕೊಂಡಿತು. ನಾನು ತಂಗಿಯ ಮುಖ ನೋಡಿದೆ. ಅವಳು ಎದ್ದು ಒದ್ದೆ ಬಟ್ಟೆ ತಂದು ಲಂಗ ಒರೆಸಿದಳು. ಅದೇ ಕೈಯಲ್ಲಿ ಇನ್ನೊಂದು ತುತ್ತು ಕಲೆಸಿ ಮಗುವಿನ ಬಾಯಿಗಿಟ್ಟಳು. ಮಗು ತಿಂದಿತು.

ಆಮೇಲೆ ಮಗು ಕೇಳಿತು. "ಬೇಲೂರಮ್ಮ, ನಂಗೆ ಅಮ್ಮನ್ ಹತ್ರ ಹೋಗ್ಬೇಕು. ಬಸ್ಸು ಎಷ್ಟೊತ್ತಿಗೆ?"

"ನಾಲ್ಕು ಗಂಟೆಗೆ ಐತೆ ಕಂದ," ಎಂದಳು ತಂಗಿ. ಗಡಿಯಾರ ನೋಡಿದಳು. ಆಗ ಒಂದೂವರೆ.

ಮಗು ಗೋಡೆಗೊರಗಿ ಕೂತು ಕಾಯತೊಡಗಿತು. ತಂಗಿ ಅದರ ಪಕ್ಕದಲ್ಲಿ, ಮೈಗೆ ಮೈ ತಾಗುವಷ್ಟು ಹತ್ತಿರ ಕೂತಳು. ಮಗು ಸರಿಯಲಿಲ್ಲ, ಒರಗಲೂ ಇಲ್ಲ. ನಾಲ್ಕಕ್ಕೆ ಮೊದಲೇ ನಾವು ಮೂವರೂ ಬಸ್ ಸ್ಟ್ಯಾಂಡಿಗೆ ಹೋದೆವು. ಮಗುವಿನ ಅಪ್ಪ ಬಂದು ನಿಂತಿದ್ದ. ಮಗು ಓಡಿಹೋಗಿ ಅವನ ಕೈ ಹಿಡಿಯಿತು, ಬಸ್ ಹತ್ತಿ ಕಿಟಕಿಯ ಹತ್ತಿರ ಕೂತು ನಮಗೆ ಕೈಬೀಸಿತು. ಬಸ್ ತಿರುವಿನಲ್ಲಿ ಮರೆಯಾದ ಮೇಲೂ ತಂಗಿ ಅಲ್ಲೇ ನಿಂತಿದ್ದಳು. ನಾನು ಅವಳ ಭುಜದ ಮೇಲೆ ಕೈಯಿಟ್ಟೆ.

"ನಿನ್ ಬಸ್ಸು ಆ ಕಡೆ ನಿಲ್ಲುತ್ತೆ ಅಕ್ಕ," ಎಂದಳು. "ಹೊತ್ತಾಗುತ್ತೆ, ನಡಿ."